ಬಾವಿಯ ಪತಂಗ, ಗೌಡರ ಆಣೆ

"ಬಂತು! ಜಮಾದಾರ ಸಾಬ್ರೆ, ಬಂತು ಬರ್ರಿ!"

ಅಯ್ಯಪ್ಪ ಕೂಗಿದ ಕೂಗಿಗೆ ಮಾನ್ವಿ ಠಾಣೆಯ ಜಮಾದಾರ ಮಹಮ್ಮದ್ ಹುಸೇನರು ಬೆಚ್ಚಿಬಿದ್ದರು. ಬಸಿಯ ಚಹಾ ಅರ್ಧ ಮೀಸೆಗೆ, ಅರ್ಧ ಖಾಕಿ ಅಂಗಿಗೆ ಹೋಯಿತು. ಠಾಣೆಯ ಮೇಲಧಿಕಾರಿ ಅಮೀನ್ ಸಾಹೇಬರೇ ಬಂದರೆಂದು ತಿಳಿದು ಎದ್ದು, ಸಲಾಮಿಗೆ ಕೈ ಎತ್ತಿ ನಿಂತೇಬಿಟ್ಟರು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಬಂದದ್ದು ಮೇಜಿನ ಮೇಲಿದ್ದ ಮುರಬ್ಬದ ಬಾಟಲಿಯೊಳಗೆ.

ಬಾಟಲಿಯ ಬಾಯಿಗೆ ತೆಳು ಮಲಮಲ್ ಬಟ್ಟೆ ಕಟ್ಟಿತ್ತು. ಒಳಗೆ ಒಂದು ಹಿಡಿ ಹಸಿ ಪಾಚಿ. ಆ ಪಾಚಿಯ ಮೇಲೆ ಜೋಳದ ಕಾಳಿನಷ್ಟು ಉದ್ದದ ಬೂದು ಪತಂಗವೊಂದು ಮುದುಡಿದ ರೆಕ್ಕೆಗಳನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿತ್ತು. ರೆಕ್ಕೆಯ ಮೇಲೆ ಎರಡು ಬಿಳಿ ಗೆರೆ, ನಡುವೆ ಒಂದು ಕಪ್ಪು ಚುಕ್ಕೆ.

"ಲೇ ಅಯ್ಯಪ್ಪ, ಒಂದು ನುಸಿ ಸಲುವಾಗಿ ನನ್ನ ಚಹಾ ಹಾಳು ಮಾಡಿದೆಲ್ಲೋ!"

"ಚಹಾ ಮತ್ತ ಕಾಸಬಹುದ್ರೀ ಸಾಬ್ರೆ. ಈ ನುಸಿ ನಮ್ಮ ಮಾವನ್ನ ಉಳಸ್ತದ."

ಆ ಮಾವ, ಅಂದರೆ ಅಯ್ಯಪ್ಪನ ಅಕ್ಕನ ಗಂಡ ಸೂಗಪ್ಪ, ಹವಾಲಾತಿನ ಸರಳುಗಳ ಹಿಂದೆ ಕೂತು ರೊಟ್ಟಿ ಮುರಿಯುತ್ತಿದ್ದ. ನೀರಮಾನ್ವಿಯ ದೊಡ್ಡಪ್ಪಗೌಡರ ತಾಯಿಯ ಸೊಂಟದ ಚಿನ್ನದ ಡಾಬು ತಿಂಗಳ ಹಿಂದೆ ಕಾಣೆಯಾಗಿ, ಒಂಬತ್ತು ದಿನದ ಹಿಂದೆ ಇವನ ಗುಡಿಸಲಿನ ಸೂರಿನಲ್ಲಿ, ಕಂಬಳಿ ತುಂಡಿನ ಗಂಟಿನೊಳಗೆ ಸಿಕ್ಕಿತ್ತು. ಆ ಗಂಟಿಗೆ ಅಂಟಿದ್ದ ಪಾಚಿಯನ್ನೇ ಅಯ್ಯಪ್ಪ ಅಂದು ಬಾಟಲಿಗೆ ಹಾಕಿಟ್ಟಿದ್ದ. ಇವತ್ತು ಮಧ್ಯಾಹ್ನದ ಬಸ್ಸಿಗೆ ಅವನನ್ನು ರಾಯಚೂರಿನ ಅದಾಲತ್ತಿಗೆ ಸಾಗಿಸಬೇಕೆಂದು ಹುಕುಂ ಆಗಿತ್ತು. ಹುಕುಂ ಕೊಟ್ಟ ಅಮೀನ್ ಸಾಹೇಬರು ದೇವದುರ್ಗಕ್ಕೆ ಹೋಗಿ ಕೂತಿದ್ದರು. ಒಮ್ಮೆ ರಾಯಚೂರಿನ ಜೈಲಿನ ಬಾಗಿಲು ದಾಟಿದವನು ಎಂದು ತಿರುಗಿ ಬರುತ್ತಾನೋ ಹೇಳುವವರಿಲ್ಲ.

ಸರಳಿನ ಈಚೆ ಗೋಪಮ್ಮ ಗಂಡನಿಗೆ ಪುಂಡಿಪಲ್ಯ ಬಡಿಸುತ್ತಿದ್ದಳು. ಒಂಬತ್ತು ದಿನದಿಂದ ನೀರಮಾನ್ವಿಯಿಂದ ನಡೆದು ಬಂದು ಬುತ್ತಿ ಕೊಡುತ್ತಿದ್ದ ಹೆಂಗಸು. ಬಾಟಲಿ ನೋಡಿ ಅವಳು ಮೂಗು ಮುರಿದಳು.

"ಓದಿಸಿ ದೊಡ್ಡಾವನ್ನ ಮಾಡಿದ್ರ ನಮ್ಮ ತಮ್ಮ ಹುಳಕ್ಕ ಬಾಣಂತನ ಮಾಡಾಕತ್ತಾನ. ವಕೀಲ್ನ ಕರ್ಕೊಂಡು ಬಾ ಅಂದ್ರ ಬಾಟ್ಲಿ ತಂದಾನ ನೋಡ್ರಿ!"

"ಯಕ್ಕಾ, ವಕೀಲ ಸುಳ್ಳು ಹೇಳಬಹುದು. ಹುಳ ಹೇಳಂಗಿಲ್ಲ."

ಅಯ್ಯಪ್ಪನ ಕಸುಬೇ ಹುಳ ಸಾಕುವುದು. ರಾಯಚೂರಿನ ಒಂದು ಹತ್ತಿ ಫಾರ್ಮಿನಲ್ಲಿ, ಹುಳ ಬಿದ್ದ ಹತ್ತಿಕಾಯಿಗಳನ್ನು ಬಾಟಲಿಯಲ್ಲಿಟ್ಟು, ಏನು ಹೊರಬರುತ್ತದೆಂದು ಕಾದು ನೋಡಿ, ಸೂಜಿಗೆ ಚುಚ್ಚಿ ಚೀಟಿ ಬರೆಯುವುದು ಅವನ ಕೆಲಸ. ಊರವರು ಅವನನ್ನು ಹುಳದ ಅಯ್ಯಪ್ಪ ಎಂದೇ ಕರೆಯುತ್ತಿದ್ದರು. ಫಾರ್ಮಿನ ದೊಡ್ಡ ಸಾಹೇಬರು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನಿಗೆ ಒಂದು ಮಾತು ಹೇಳಿಕೊಟ್ಟಿದ್ದರು: ರೆಕ್ಕೆ ಬರುವವರೆಗೂ ಹುಳಕ್ಕೆ ಹೆಸರಿಡಬೇಡ. ಮನುಷ್ಯರಿಗೂ ಆ ಮಾತು ಒಪ್ಪುತ್ತದೆಂದು ಅಯ್ಯಪ್ಪ ಹಿಂದೆ ಜಮಾದಾರರಿಗೆ ನೆರವಾದ ಎರಡು ಪ್ರಕರಣಗಳಲ್ಲಿ ಕಂಡುಕೊಂಡಿದ್ದ.

ಜಮಾದಾರರು ಬಾಟಲಿಯನ್ನು ಕಣ್ಣಿಗೆ ಹಿಡಿದು ನೋಡಿದರು.

"ಇದು ಕಂಬಳಿ ನುಸಿ ಅಲ್ಲೇನೋ? ನಮ್ಮ ಅಮ್ಮಾ ಕಂಬಳಿ ಮಡಿಚಿದಾಗೆಲ್ಲ ನಡುವೆ ಬೇವಿನ ಎಲಿ ಇಡ್ತಿದ್ದಳು. ಗಂಟು ಕಂಬಳೀದು. ಅದ್ರಾಗ ಕಂಬಳಿ ನುಸಿ ಬಂದ್ರ ಏನು ದೊಡ್ಡ ವಿಷಯ?"

"ಊರೆಲ್ಲ ಹಂಗ ಅಂದದ್ದು. ಪಂಚರೂ ಹಂಗ ಅಂದ್ರು. ಅದಕ್ಕ ಯಾರೂ ಪಾಚಿ ಕಡೆ ನೋಡ್ಲಿಲ್ಲ." ಅಯ್ಯಪ್ಪ ಬಾಟಲಿಯ ತಳ ತೋರಿಸಿದ. "ಇಲ್ಲಿ ನೋಡ್ರಿ. ಆ ಕಂಬಳೀದೇ ಒಂದು ಎಳಿ ಉಣ್ಣೆ ಒಳಗ ಹಾಕೀನಿ. ಒಂಬತ್ತು ದಿನ ಆತು. ಒಂದು ಹುಳಾನೂ ಮುಟ್ಟಿಲ್ಲ. ಪಾಚಿ ಮಾತ್ರ ಹೆಂಗ ಬೋಳಾಗ್ಯಾದ ನೋಡ್ರಿ."

ನಿಜವೇ. ಉಣ್ಣೆ ಇದ್ದ ಹಾಗೇ ಇತ್ತು. ಪಾಚಿಯ ಹಸಿರಿನಲ್ಲಿ ಮಾತ್ರ ಅಲ್ಲಲ್ಲಿ ಬೋಳು ಬಿದ್ದಿತ್ತು. ಅದರ ನಡುವೆ ಸಣ್ಣ ಹುಳಗಳು ರೇಷ್ಮೆಯಂಥ ಎಳೆಯಿಂದ ಕೊಳವೆ ನೇಯ್ದುಕೊಂಡು, ಅದರೊಳಗೆ ಕೂತು ಮೇಯುತ್ತಿದ್ದವು.

"ಇವು ಪಾಚಿ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ರೀ. ಪಾಚಿಗೆ ನೀರು ಬೇಕು, ನೆರಳು ಬೇಕು. ಯುಗಾದಿ ಮುಗಿದು ಹದಿನೈದು ದಿನ ಆತು. ನಮ್ಮ ಮಾವನ ಗುಡಿಸಲ ಸೂರು ಈಗ ರೊಟ್ಟಿ ಹಂಚು ಇದ್ದಂಗ ಅದ. ಅಲ್ಲಿ ಒಂದು ಹಗಲು ಇಟ್ರ ಪಾಚಿ ಸುಟ್ಟು ಪುಡಿ ಆಗ್ತದ. ನೀವು ಗಂಟು ಬಿಚ್ಚಿದಾಗ ಪಾಚಿ ಹೆಂಗಿತ್ತು?"

ಜಮಾದಾರರು ಮೀಸೆಯ ಚಹಾ ಒರೆಸಿಕೊಳ್ಳುತ್ತ ಯೋಚಿಸಿದರು. "ಹಸಿ ಇತ್ತಪ್ಪ. ನನ್ನ ಕೈಗೆ ತಣ್ಣಗ ಹತ್ತಿತ್ತು."

"ಅಂದ್ರ ಗಂಟು ಸೂರಿನಾಗ ತಿಂಗಳು ಇರಲಿಲ್ಲ. ಅವತ್ತೇ ಯಾರೋ ತಂದು ಇಟ್ಟಾರ. ಅಲ್ಲೀತನಕ ಅದು ಒಂದು ತಂಪು ಜಾಗದಾಗಿತ್ತು. ಈ ಬ್ಯಾಸಿಗ್ಯಾಗ ನೀರಮಾನ್ವಿ ಸುತ್ತ ಅಂಥ ಜಾಗ ಒಂದೇ."

ಎಲ್ಲಿ ಎಂದು ಜಮಾದಾರರು ಕೇಳಲಿಲ್ಲ. ಗೌಡರ ತೋಟದ ಮೆಟ್ಟಿಲುಬಾವಿಯ ನೀರಿನ ತಂಪನ್ನು ಮಾನ್ವಿಯ ಸರಕಾರಿ ಹಾಕಿಮರೆಲ್ಲ ಕುಡಿದು ಬಲ್ಲವರು.

"ಬಸ್ಸು ಹೆಂಗೂ ನೀರಮಾನ್ವಿ ಮ್ಯಾಲೇ ಹೋಗ್ತದ," ಎಂದ ಅಯ್ಯಪ್ಪ. "ಮಾವನ್ನ ಚಕ್ಕಡ್ಯಾಗ ಅಲ್ಲೀತನಕ ಕರ್ಕೊಂಡು ಹೋಗೂಣು. ಬಸ್ಸು ಬರೂದ್ರಾಗ ನಾ ತೋರಿಸಿದ್ರ ಆತು. ಇಲ್ಲಂದ್ರ ಅಲ್ಲೇ ಹತ್ತಿಸ್ರಿ."

ಮಹಮ್ಮದ್ ಹುಸೇನರಿಗೆ ಈ ಯುವಕನ ಮೇಲೆ ಕೋಪವೂ ಇತ್ತು, ಪ್ರೀತಿಯೂ ಇತ್ತು. ಕೋಪ ಚಹಾದ್ದು, ಪ್ರೀತಿ ಹಳೆಯದು. "ನನ್ನ ನೌಕರಿ ಹೋದ್ರ ನಿನ್ನ ಬಾಟ್ಲಿ ತೊಳಿಯೋ ಕೆಲಸ ಕೊಡ್ತೀಯೇನು?" ಎಂದು ಗೊಣಗುತ್ತಲೇ ಬೇಡಿಯ ಕೀಲಿಕೈ ತೆಗೆದುಕೊಂಡರು.

ಚಕ್ಕಡಿಯಲ್ಲಿ ಗೋಪಮ್ಮ ದಾರಿಯುದ್ದಕ್ಕೂ ಗಂಡನನ್ನು ಬೈದಳು. ಕಳ್ಳ ಅನಿಸಿಕೊಂಡರೂ ಬಾಯಿಬಿಡದೆ ಕೂತನಲ್ಲ ಎಂದು ಬೈದಳು, ಪಲ್ಯ ಉಳಿಸಿದನೆಂದು ಬೈದಳು. ಸೂಗಪ್ಪ ಎಲ್ಲದಕ್ಕೂ ಹೂಂಗುಟ್ಟಿದ. ಅಯ್ಯಪ್ಪ ಬಾಟಲಿಯನ್ನು ಎದೆಗೆ ಅವುಚಿಕೊಂಡು ಮಾವನ ಬೇಡಿ ಬಿದ್ದ ಕೈಗಳನ್ನೇ ನೋಡುತ್ತಿದ್ದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಕೈಗಳು ಅವು. ಕಲ್ಲು ಕಟ್ಟಿ, ಮಣ್ಣು ಹೊತ್ತು, ಅವನಿಗೆ ಪಾಟಿ ಪುಸ್ತಕ ಕೊಡಿಸಿದ ಕೈಗಳು. ಅವು ಜೈಲಿನಲ್ಲಿ ಕಲ್ಲು ಒಡೆಯಬಾರದು ಎಂದುಕೊಂಡ.

ಗೌಡರ ತೋಟ ಮುಟ್ಟಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು.

ಬಾವಿಯ ಪಕ್ಕದ ಹುಣಸೆಮರದ ಕಟ್ಟೆಯ ಮೇಲೆ ದೊಡ್ಡಪ್ಪಗೌಡರು ಕೂತಿದ್ದರು. ದೇಹವೂ ದೊಡ್ಡದು, ರುಮಾಲೂ ದೊಡ್ಡದು. ಅವರ ತಾಯಿ ಬಂಡೆಮ್ಮ ಎಲೆಯಡಿಕೆ ಕುಟ್ಟುತ್ತಿದ್ದಳು. ಎಪ್ಪತ್ತರ ಮುದುಕಿ, ಹಲ್ಲಿಲ್ಲದಿದ್ದರೂ ನಗುವಿಗೆ ಬರವಿಲ್ಲ. ಹಿಂದೆ ಕೈಕಟ್ಟಿ ನಿಂತವನು ಕಾರಭಾರಿ ಹನುಮಂತ್ರಾಯ. ಸೂಗಪ್ಪನ ಸೂರಿನಲ್ಲಿ ಗಂಟು ಇದೆಯೆಂದು ಪೊಲೀಸರಿಗೆ ದಾರಿ ತೋರಿಸಿದ ಪುಣ್ಯಾತ್ಮ ಇವನೇ.

ಬಾವಿಯಿಂದ ಹತ್ತು ಮಾರು ಈಚೆ ಒಂದು ಬೋಳುಗಲ್ಲು. ಅಯ್ಯಪ್ಪನ ಕಾಲು ತಾನಾಗಿ ಅಲ್ಲಿ ನಿಂತಿತು. ಕೇರಿಯವರು ಅದನ್ನು ದಾಟುವಂತಿರಲಿಲ್ಲ. ಚಿಕ್ಕವನಿದ್ದಾಗ ಅಕ್ಕನ ಜೊತೆ ಇದೇ ಕಲ್ಲಿನ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಎತ್ತಿ ಹೊಯ್ಯಲಿ ಎಂದು ಅರ್ಧ ದಿನ ಕಾದದ್ದುಂಟು. ಹೊಯ್ಯುವವರ ಕೊಡದ ತಳಕ್ಕೆ ಹಸಿರು ಪಾಚಿ ಅಂಟಿರುತ್ತಿತ್ತು. ಆ ಬಾವಿಯೊಳಗೆ ಎಂಥ ತಂಪು ಇರಬಹುದೆಂದು ಅವನು ಆ ಪಾಚಿ ನೋಡಿಯೇ ಊಹಿಸುತ್ತಿದ್ದ. ಈಗ ರಾಯಚೂರಿನ ನೌಕರ, ಮೈಮೇಲೆ ಇಸ್ತ್ರಿ ಅಂಗಿ. ಆದರೂ ಕಾಲು ನಿಂತಿತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಸಿಟ್ಟನ್ನು ನುಂಗಿ ಅವನು ಕೈಮುಗಿದ.

"ಶರಣ್ರೀ ಗೌಡ್ರ. ಒಂದು ಮಾತು ಕೇಳಬೇಕಿತ್ರೀ. ನಮ್ಮ ಮಾವ ನಿಮ್ಮ ಬಾವ್ಯಾಗ ಇಳಿದಿದ್ನಂತ. ಹಂಗ ಅಂತ ಮಂದಿ ಅಂತಾರ. ಖರೇ ಏನ್ರೀ?"

ಕಟ್ಟೆಯ ಮೇಲೆ ಸಿಡಿಲು ಬಿದ್ದಂತಾಯಿತು.

"ಯಾವನಲೇ ಅಂದವ?" ಗೌಡರು ಎದ್ದೇ ನಿಂತರು. "ನಮ್ಮಪ್ಪನ ಕಾಲದಾಗ ಇಲ್ಲ, ನನ್ನ ಕಾಲದಾಗ ಇಲ್ಲ. ಕೇರಿಯವನೊಬ್ಬ ಈ ಬಾವಿ ಮೆಟ್ಟಿಲು ತುಳಿದಿಲ್ಲ!"

"ಕದ್ದು ಮುಚ್ಚಿ ಇಳಿದಿರಬಹುದೇನ್ರೀ?"

"ಹಗಲು ನಾವು ಇಲ್ಲೇ ಇರ್ತೀವಿ, ರಾತ್ರಿ ಕಾವಲು ಅದ. ಒಂದು ಇಲಿ ಇಳಿದ್ರೂ ನನಗ ಗೊತ್ತಾಗ್ತದ. ಇವ ಇಳಿದಿಲ್ಲ. ಎಲ್ಲಮ್ಮನ ಆಣಿ ಮಾಡಿ ಹೇಳ್ತೀನಿ!"

"ಜಮಾದಾರ ಸಾಬ್ರೆ, ಗೌಡ್ರ ಮಾತು ಬರ್ಕೊಂಡ್ರೇನ್ರೀ?"

ಮಹಮ್ಮದ್ ಹುಸೇನರು ಬರೆದುಕೊಂಡಿದ್ದರು. ಎಲ್ಲಮ್ಮನ ಹೆಸರನ್ನೂ ಬಿಟ್ಟಿರಲಿಲ್ಲ. ಗೌಡರು ಅದೇ ಆವೇಶದಲ್ಲಿ ಕಾಗದ ಕಸಿದುಕೊಂಡು ಮೊಹರಿನಂಥ ದೊಡ್ಡ ಸಹಿ ಜಡಿದರು. ಮಾನದ ವಿಷಯ ಬಂದಾಗ ದೊಡ್ಡಪ್ಪಗೌಡರು ಓದಿ ಸಹಿ ಮಾಡಿದವರಲ್ಲ.

"ಈಗ ನೀವು ಒಂದೀಟು ಬಾವ್ಯಾಗ ಇಳೀರಿ ಸಾಬ್ರೆ," ಎಂದ ಅಯ್ಯಪ್ಪ. "ಬಿಸಿಲು ಬೀಳದ ಗ್ವಾಡಿ ನೋಡ್ರಿ. ಪಾಚಿ ಎಲ್ಲಿ ಕಿತ್ತದ ಅಂತ ನೋಡ್ರಿ."

ಜಮಾದಾರರು ಬೂಟು ಕಳಚಿ, ಹೊಟ್ಟೆ ಹಿಡಿದುಕೊಂಡು, "ಯಾ ಅಲ್ಲಾ, ಈ ಮೆಟ್ಟಿಲು ಕಟ್ಟಿದವಗ ಮೊಣಕಾಲೇ ಇರಲಿಲ್ಲೇನು" ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದರು. ಬಂಡೆಮ್ಮ ಮೇಲಿನಿಂದ, "ಹುಷಾರ್ರೀ ಜಮಾದಾರ್ರ, ನೀವು ಬಿದ್ರ ನೀರೆಲ್ಲ ಹೊರಗ ಬರ್ತದ!" ಎಂದು ನಕ್ಕಳು.

ಸ್ವಲ್ಪ ಹೊತ್ತಿನ ಮೇಲೆ ಬಾವಿಯ ಒಳಗಿನಿಂದ ದನಿ ಎದ್ದಿತು. "ಸಿಕ್ತು! ಅಯ್ಯಪ್ಪ, ಸಿಕ್ತೋ!"

"ಗೂಡಿನಾಗೇನ್ರೀ?" ಎಂದ ಕಾರಭಾರಿ ಹನುಮಂತ್ರಾಯ.

ಅಂದು ನಾಲಿಗೆ ಕಚ್ಚಿಕೊಂಡ. ಅಯ್ಯಪ್ಪ ಅವನತ್ತ ನೋಡಲಿಲ್ಲ, ಬಾಟಲಿಯನ್ನೇ ನೋಡುತ್ತಿದ್ದ. ಆದರೆ ಆ ಮಾತನ್ನು ಮನಸ್ಸಿನಲ್ಲಿ ಸೂಜಿಗೆ ಚುಚ್ಚಿ ಚೀಟಿ ಬರೆದಿಟ್ಟುಕೊಂಡ. ಗೂಡಿನ ಸುದ್ದಿಯನ್ನು ಇಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ.

ಜಮಾದಾರರು ಏದುಸಿರು ಬಿಡುತ್ತ ಮೇಲೆ ಬಂದರು. ಒಂದು ಕೈಯಲ್ಲಿ ಪಾಚಿಯ ಪದರ, ಇನ್ನೊಂದರಲ್ಲಿ ಕರಿ ಉಣ್ಣೆಯ ಎರಡು ಎಳೆ. ಟೋಪಿಯ ಮೇಲೆ ಒಂದು ಬೂದು ಪತಂಗ ಆರಾಮಾಗಿ ಕೂತು ಸವಾರಿ ಮಾಡುತ್ತಿತ್ತು.

"ನೀರಿಗಿಂತ ಮೂರು ಮೆಟ್ಟಿಲು ಮ್ಯಾಲೆ ಒಂದು ಕಲ್ಲು ಅಲುಗಾಡ್ತದ. ಸರಿಸಿದ್ರ ಒಳಗ ಗೂಡು. ಗೂಡಿನ ಬಾಯಾಗ ಪಾಚಿ ಗಂಟಿನಷ್ಟು ಅಗಲ ಕಿತ್ತದ. ಕಲ್ಲಿನ ಮೂಲ್ಯಾಗ ಈ ಎಳಿ ಸಿಕ್ಕಿತ್ತು. ಕಲ್ಲು ಮುಟ್ಟಿದ್ದೇ ತಡ, ಇಂಥಾವು ನೂರು ಎದ್ದು ನನ್ನ ಮುಖಕ್ಕ ಬಂದ್ವು!"

ಅಯ್ಯಪ್ಪ ಜಮಾದಾರರ ಟೋಪಿಯನ್ನೂ ತನ್ನ ಬಾಟಲಿಯನ್ನೂ ಪಕ್ಕಪಕ್ಕ ಹಿಡಿದ. ಅದೇ ಎರಡು ಬಿಳಿ ಗೆರೆ, ಅದೇ ಕಪ್ಪು ಚುಕ್ಕೆ. ಪಾಚಿಯಲ್ಲಿ ಅದೇ ರೇಷ್ಮೆಯ ಕೊಳವೆಗಳು. ಖುಷಿಗೆ ಕುಣಿಯಬೇಕೆನಿಸಿತು. ಗೌಡರೆದುರು ಕುಣಿಯುವುದು ಬೇಡವೆಂದು ತಡೆದುಕೊಂಡ.

"ಗೌಡ್ರ, ನಿಮ್ಮ ಅವ್ವಾರ ಡಾಬು ಇದ್ದದ್ದು ಈ ಬಾವ್ಯಾಗ, ಆ ಗೂಡಿನಾಗ. ಅಲ್ಲಿಂದ ತೆಗೆದು ನಮ್ಮ ಮಾವನ ಸೂರಿಗೆ ಇಟ್ಟದ್ದು ಒಂಬತ್ತು ದಿನದ ಹಿಂದ. ಸೂರಿಗೆ ಇಟ್ಟವ ಯಾರೇ ಇರಲಿ, ಅವ ಈ ಮೆಟ್ಟಿಲು ಇಳಿದವ. ಕೇರಿಯವರು ಯಾರೂ ಇಳಿದಿಲ್ಲ, ನಮ್ಮ ಮಾವ ಇಳಿದಿಲ್ಲ ಅಂತ ಈಗರ ಆಣಿ ಮಾಡಿ ಸಹಿ ಹಾಕೀರಿ. ಹಂಗಾದ್ರ ಇಳಿದವರು ಯಾರ್ರೀ?"

ಗೌಡರು ರುಮಾಲು ಸರಿಮಾಡಿಕೊಂಡರು.

"ಅದು... ಅವನೇ ಕದ್ದು..."

"ಒಂದು ಇಲಿ ಇಳಿದ್ರೂ ಗೊತ್ತಾಗ್ತದ ಅಂದ್ರಲ್ರೀ," ಎಂದು ಜಮಾದಾರರು ಕಾಗದ ನೋಡಿಕೊಂಡು ಓದಿದರು. "ಇಲಿ ಸುದ್ದಿನೂ ಬರ್ಕೊಂಡೀನಿ."

ಬಂಡೆಮ್ಮ ಕಿಸಕ್ಕನೆ ನಕ್ಕಳು. ಗೋಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಣೆಯನ್ನು ಸುಳ್ಳೆಂದರೆ ಬಾವಿಯ ಮಡಿ ಹೋಗುತ್ತದೆ, ಎಲ್ಲಮ್ಮನೂ ಬಿಡುವುದಿಲ್ಲ. ನಿಜವೆಂದರೆ ಕಳ್ಳ ತಮ್ಮ ಮನೆಯವನೇ ಆಗುತ್ತಾನೆ. ಗೌಡರ ರುಮಾಲಿನ ಕೆಳಗಿಂದ ಬೆವರು ಇಳಿಯಿತು. ಅವರಿಗಿಂತ ಹೆಚ್ಚು ಬೆವರಿದವನು ಹನುಮಂತ್ರಾಯ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ಅವನಾಗಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕೊನೆಗೆ ಗೌಡರು ಮಡಿಯನ್ನೇ ಉಳಿಸಿಕೊಂಡರು.

"ಆತು. ಇವ ಕದ್ದಿಲ್ಲ. ಬಿಟ್ಟುಬಿಡ್ರಿ ಇವನ್ನ. ನಮ್ಮ ಮನ್ಯಾಗ ಯಾರಂತ ನಾ ನೋಡ್ಕೋತೀನಿ."

ಜಮಾದಾರರು ಕೀಲಿ ತಿರುವಿದರು. ಬೇಡಿ ಕಳಚಿತು. ಗೋಪಮ್ಮ ಅಳುತ್ತ ನಗುತ್ತ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನಿನ್ನ ಹುಳ ನೂರು ವರ್ಷ ಬಾಳ್ಲಿ!" ಎಂದಳು. ಆ ಹುಳ ನಾಲ್ಕು ದಿನ ಬಾಳಿದರೆ ಹೆಚ್ಚು ಎಂದು ಅಯ್ಯಪ್ಪ ಹೇಳಲಿಲ್ಲ. ಒಂಬತ್ತು ದಿನದಿಂದ ಅವನ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸೋತ ಗೌಡರಿಗೆ ಕೊನೆಯ ಮಾತು ತಮ್ಮದೇ ಆಗಬೇಕಿತ್ತು.

"ಹೋಗ್ಲಿ. ಒಂದಂತೂ ಖರೇ. ಈ ಬಾವಿ ನೀರು ಇಷ್ಟು ತಿಳಿ ಅದ ಅಂದ್ರ ಇವರ ನೆರಳು ಬೀಳದ್ದಕ್ಕ."

ಸೂಗಪ್ಪ ಮಣಿಕಟ್ಟು ತಿಕ್ಕಿಕೊಳ್ಳುವುದನ್ನು ನಿಲ್ಲಿಸಿದ. ಒಂಬತ್ತು ದಿನ ಬಾಯಿಬಿಡದ ಮನುಷ್ಯ ಗಟ್ಟಿಯಾಗಿ ನಕ್ಕ.

"ಗೌಡ್ರ, ಹೋದ ವರ್ಷ ಇದೇ ಬ್ಯಾಸಿಗ್ಯಾಗ ನೀವು ಹೈದರಾಬಾದಿಗೆ ಹೋಗಿದ್ರಿ, ನೆಪ್ಪದ ಏನ್ರೀ? ಹೋಗೋ ಮುಂದ ನೀರು ಕೆಸರಾಗಿತ್ತು. ಬರೂದ್ರಾಗ ತಿಳಿಯಾಗಿತ್ತು. ಹೂಳು ತಾನೇ ಮೆಟ್ಟಿಲು ಹತ್ತಿ ಹೊರಗ ಬಂತೇನ್ರೀ?"

"ಮಾವ, ಸುಮ್ಮನಿರು!" ಅಯ್ಯಪ್ಪ ಮಾವನ ತೋಳು ಹಿಡಿದ.

"ಹೆಂಗ ಸುಮ್ಮನಿರಲೋ? ಮೂರು ದಿನ ಟೊಂಕಮಟ ಕೆಸರಿನಾಗ ನಿಂತು ತೆಗೆದೀನಿ. ನಾ ಮಾಡಿದ ಕೆಲಸ ಮಾಡಿಲ್ಲ ಅಂತ ಹೆಂಗ ಅನ್ನಲಿ? ಸುಳ್ಳು ಆಣಿ ಹಿಡ್ಕೊಂಡು ನಾ ಮನಿಗೆ ಹೋಗಂಗಿಲ್ಲ." ಸೂಗಪ್ಪ ಬಾವಿಯತ್ತ ಕೈಮಾಡಿದ. "ಆ ಗೂಡು ತೋಡಿದವನೂ ನಾನೇ. ಅಲುಗಾಡೋ ಕಲ್ಲು ಕೂಡಿಸಿದವನೂ ನಾನೇ."

ಅಯ್ಯಪ್ಪ ಒಂಬತ್ತು ದಿನ ಎಳೆಎಳೆಯಾಗಿ ನೇಯ್ದದ್ದೆಲ್ಲ ಒಂದೇ ಮಾತಿಗೆ ಹರಿದುಹೋಗಿತ್ತು. ಗೂಡಿನ ಗುಟ್ಟು ಬಲ್ಲವನು, ಮೆಟ್ಟಿಲು ಇಳಿದವನು, ತನ್ನ ಸೂರಿನಲ್ಲೇ ಡಾಬು ಸಿಕ್ಕವನು, ಮೂರೂ ಈಗ ಒಬ್ಬನೇ. ರೆಕ್ಕೆ ಬರುವ ಮೊದಲೇ ಹೆಸರಿಟ್ಟುಬಿಟ್ಟೆನಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

"ಗೂಡು ಮಾಡು ಅಂತ ಯಾರು ಹೇಳಿದ್ರು ಮಾವ?"

"ಅದು ಹೇಳಂಗಿಲ್ಲ. ಮಾತು ಕೊಟ್ಟೀನಿ."

ರಸ್ತೆಯ ಕಡೆಯಿಂದ ಹಾರನ್ ಕೇಳಿಸಿತು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುವ ರಾಯಚೂರು ಬಸ್ಸು ಕೆಮ್ಮುತ್ತ ಬರುತ್ತಿತ್ತು. ಸೂಗಪ್ಪ ಯಾರೂ ಹೇಳದೆ ತಾನೇ ಎರಡೂ ಕೈಗಳನ್ನು ಮುಂದೆ ಚಾಚಿದ. ಮಹಮ್ಮದ್ ಹುಸೇನರು ಅಯ್ಯಪ್ಪನ ಮುಖ ನೋಡಲಾರದೆ, ನೆಲಕ್ಕಿಟ್ಟಿದ್ದ ಬೇಡಿಯನ್ನು ಎತ್ತಿಕೊಂಡರು.

ಎಲೆಯಡಿಕೆ ಕುಟ್ಟುವ ಸದ್ದು ನಿಂತಿತ್ತು. ಬಂಡೆಮ್ಮ ಕಟ್ಟೆಯಿಂದ ಇಳಿದು, ನಡೆದು ಬಂದು, ಬೋಳುಗಲ್ಲನ್ನು ದಾಟಿ ಸೂಗಪ್ಪನ ಎದುರು ನಿಂತಳು. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ.

"ಬಸ್ಸು ಹೋಗ್ಲಿ ಬಿಡ್ರಿ ಜಮಾದಾರ್ರ," ಎಂದಳು. "ಅವ ಮಾತು ಕೊಟ್ಟಾನ. ಇಸ್ಕೊಂಡಾಕಿ ನಾನು. ಆ ಗೂಡು ನಾನೇ ಮಾಡಿಸೀನಿ."

ಅವಳು ಮಗನ ಕಡೆ ತಿರುಗಲೇ ಇಲ್ಲ, ಹನುಮಂತ್ರಾಯನನ್ನೇ ನೋಡಿದಳು.

"ಆದ್ರ ಅದ್ರಾಗ ನಾ ಇಟ್ಟಿದ್ದು ಡಾಬು ಅಲ್ಲ."